ವಯೋಲಾ ಸುಮ್ಮನಿರುವ ಜಾಗ

ಫೆಬ್ರುವರಿ 4

ಚೆಲ್ಲೋ ನುಡಿಸುವ ಮೇಡಂ ಅವರಿಗೆ,

ನಾನು ಯಾರೆಂದು ಹೇಳಿದ ತಕ್ಷಣ ಫೋನು ಕುಕ್ಕಿಬಿಟ್ಟಿರಿ. ಮತ್ತೆ ಮಾಡಿದಾಗ ಎತ್ತಲೇ ಇಲ್ಲ. ಅದಕ್ಕೇ ಈ ಪತ್ರ. ಹರಿದು ಹಾಕಬೇಕೆಂದರೂ ಮೊದಲು ಲಕೋಟೆ ಒಡೆಯಬೇಕಲ್ಲ, ಅಷ್ಟರಲ್ಲಿ ನಾಲ್ಕು ಸಾಲು ಕಣ್ಣಿಗೆ ಬಿದ್ದೇ ಬೀಳುತ್ತವೆ.

ನಮ್ಮನೆಯವರಿಗೆ ಡಿಸೆಂಬರಿನಲ್ಲಿ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತು ನಿಂತಿದೆ. ಈಗ ಆಸ್ಪತ್ರೆಯ ಚೇತರಿಕೆ ವಾರ್ಡಿನಲ್ಲಿದ್ದಾರೆ. ಅಲ್ಲಿ ದಿನವೂ ಕೈಕಾಲು ಆಡಿಸುತ್ತಾರೆ. ಮಾತು ಕಲಿಸುವ ಹುಡುಗಿಯೊಬ್ಬಳು ಬಂದು ಬಾಚಣಿಗೆ, ಬೀಗದ ಕೈಗಳ ಚಿತ್ರ ತೋರಿಸಿ ಹೋಗುತ್ತಾಳೆ. ಏಪ್ರಿಲ್ ಇಪ್ಪತ್ತಕ್ಕೆ ದೊಡ್ಡ ಡಾಕ್ಟರು ಪರೀಕ್ಷೆ ಮಾಡುತ್ತಾರೆ. ಒಳಗೆ ತಿಳಿವಳಿಕೆ ಉಳಿದಿದೆ ಎನ್ನಲು ಅಂದು ಏನಾದರೊಂದು ಗುರುತು ಕಾಣಬೇಕು. ಕಾಣದಿದ್ದರೆ ಹಿಂದಿನ ಕಟ್ಟಡಕ್ಕೆ ಕಳಿಸುತ್ತಾರೆ. ಅಲ್ಲಿ ಹೊತ್ತಿಗೆ ಸರಿಯಾಗಿ ಊಟ ಕೊಟ್ಟು ಬಟ್ಟೆ ಬದಲಿಸುತ್ತಾರೆ, ಅಷ್ಟೇ. ಅಲ್ಲಿಂದ ಯಾರಾದರೂ ಈಚೆ ಬಂದದ್ದನ್ನು ನಾನಂತೂ ನೋಡಿಲ್ಲ.

ಇವರು ಗುನುಗುತ್ತಾರೆ. "ಮ್, ಮ್‌ಮ್, ಮ್" ಎಂದು, ಅದೇ ದನಿ, ಅದೇ ಏರಿಳಿತ, ದಿನವೂ ಒಂದೇ. ಸ್ವಲ್ಪ ಗುನುಗಿ ನಿಲ್ಲಿಸುತ್ತಾರೆ. ಬಹಳ ಹೊತ್ತಿನ ಮೇಲೆ ಮತ್ತೆ ಹಿಡಿಯುತ್ತಾರೆ. ಡಾಕ್ಟರನ್ನು ಕೇಳಿದರೆ, "ಅದು ಗಂಟಲಿನ ಅಭ್ಯಾಸ ಕಣಮ್ಮ, ಅದಕ್ಕೇನೂ ಅರ್ಥ ಇಲ್ಲ" ಅಂದರು. ನನಗೆ ಅದು ಸಂಗೀತ ಅನ್ನಿಸುತ್ತದೆ. ನಿಮ್ಮ ಕಡೆಯ ಸಂಗೀತ. ಅದು ಯಾವುದು ಎಂದು ತಿಳಿದರೆ ಡಾಕ್ಟರ ಮುಂದೆ ಹಾಕಿ ತೋರಿಸಬಹುದು. ನೀವೂ ಇವರೂ ನಾಲ್ವರ ಒಂದೇ ಮೇಳದಲ್ಲಿ ನುಡಿಸಿದವರು. ನಿಮಗೆ ಗೊತ್ತಿರಲೇಬೇಕು. ನನಗೆ ಆ ಸಂಗೀತದ ಗಂಧಗಾಳಿ ಇಲ್ಲ.

ನಿಮ್ಮ ಮುಂದೆ ಕೈಯೊಡ್ಡುವುದು ನನಗೂ ಇಷ್ಟವಿಲ್ಲ ಎಂಬುದನ್ನು ತಿಳಿದು ಉತ್ತರ ಬರೆಯಿರಿ.

ಡ್ರೈವಿಂಗ್ ಟೀಚರ್


ಫೆಬ್ರುವರಿ 13

ಡ್ರೈವಿಂಗ್ ಟೀಚರ್ ಅವರಿಗೆ,

"ನಮ್ಮನೆಯವರು" ಎಂದು ನನಗೇ ಬರೆಯುತ್ತೀರಲ್ಲ, ನಿಮ್ಮ ಎದೆಗಾರಿಕೆ ಮೆಚ್ಚಬೇಕು. ಆ ಮನುಷ್ಯ ನಿಮ್ಮ ಮನೆಯವನಾಗುವ ಮೊದಲು ಹದಿನೇಳು ವರ್ಷ ಈ ಮನೆಯವನಾಗಿದ್ದ. ಕಾರು ಕಲಿಯುತ್ತೇನೆಂದು ನಿಮ್ಮಲ್ಲಿಗೆ ಹೋದ. ಕಾರು ಕಲಿತನೋ ಇಲ್ಲವೋ ತಿಳಿಯದು, ಮನೆಯ ದಾರಿಯನ್ನಂತೂ ಮರೆತ.

ಕಾಗದದ ಮೇಲೆ "ಮ್, ಮ್‌ಮ್, ಮ್" ಎಂದು ಗೀಚಿ ಕಳಿಸಿ ಇದು ಯಾವ ಕೃತಿ ಎಂದು ಕೇಳುತ್ತೀರಿ. ಹಸು ಕರುವನ್ನು ಕರೆಯುವುದೂ ಹಾಗೆಯೇ ಇರುತ್ತದೆ. ನಾನೇನು ಜ್ಯೋತಿಷ್ಯ ಹೇಳಲೇ? ಕೇಳಲು ಬಾರದವರಿಗೆ ನಾನು ಹೆಸರು ಹೇಳಿದರೂ ಪ್ರಯೋಜನವಿಲ್ಲ. ಮೊದಲು ಕೇಳುವುದನ್ನು ಕಲಿಯಿರಿ.

ಒಂದು ಕ್ಯಾಸೆಟ್ ಕಳಿಸಿದ್ದೇನೆ. ದೊಡ್ಡ ಆರ್ಕೆಸ್ಟ್ರಾದ್ದು, ಎಂಬತ್ತು ಜನ ಸೇರಿ ನುಡಿಸಿದ್ದು. ಕೂತು ಕೇಳಬೇಕು. ಪಾತ್ರೆ ತೊಳೆಯುತ್ತ, ಕಾರು ಓಡಿಸುತ್ತ ಅಲ್ಲ. ಇದು ಹಾಡಲ್ಲ, ಆದ್ದರಿಂದ ಪದಕ್ಕಾಗಿ ಕಾಯಬೇಡಿ. ಮೊದಲಿಗೆ ಯಾರೋ ಒಂದು ಮಾತು ಆಡುತ್ತಾರೆ. ಅದನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಅದನ್ನು ಎಳೆದಾಡುತ್ತಾರೆ, ಮುರಿಯುತ್ತಾರೆ, ಬೇರೆಯವರ ಬಾಯಿಗೆ ಕೊಡುತ್ತಾರೆ. ಕೊನೆಗೆ ಅದು ಮರಳಿ ಬರುತ್ತದೆ. ಬಂದಾಗ ಗುರುತು ಸಿಕ್ಕಿದರೆ ನೀವು ಕೇಳಿದ್ದೀರಿ ಎಂದರ್ಥ. ಸಿಗದಿದ್ದರೆ ಇನ್ನೊಮ್ಮೆ.

ಚೆಲ್ಲೋದವಳು


ಫೆಬ್ರುವರಿ 25

ಚೆಲ್ಲೋ ಮೇಡಂ,

ಕೂತು ಕೇಳಿ ಎಂದಿರಿ. ಎಲ್ಲಿ ಕೂರಲಿ? ನಮ್ಮ ಮನೆಯ ಟೇಪ್ ರೆಕಾರ್ಡರ್ ಹಾಳಾಗಿ ವರ್ಷವಾಯಿತು. ಕ್ಯಾಸೆಟ್ ಓಡುವುದು ಕಲಿಕೆಯ ಕಾರಿನಲ್ಲಿ ಮಾತ್ರ. ಮೊದಲ ದಿನ ಬ್ಯಾಂಕಿನ ಗುಮಾಸ್ತರೊಬ್ಬರಿಗೆ ರಿವರ್ಸ್ ಹೇಳಿಕೊಡುತ್ತಿದ್ದಾಗ ಹಾಕಿದೆ. ನಿಮ್ಮ ಎಂಬತ್ತು ಜನ ಒಟ್ಟಿಗೇ ಗುಡುಗಿದರು ನೋಡಿ, ಗುಮಾಸ್ತರು ಬ್ರೇಕಿನ ಮೇಲೆ ನಿಂತೇಬಿಟ್ಟರು. "ಮೇಡಂ, ಯಾರಿಗಾದ್ರೂ ಗುದ್ದಿದ್ನಾ?" ಅಂತ ಮುಖ ಬೆಳ್ಳಗಾಗಿ ಕೇಳಿದರು.

ಅಂದಿನಿಂದ ಪಾಠ ಮುಗಿದ ಮೇಲೆ ಕಾರನ್ನು ಆಸ್ಪತ್ರೆಯ ಗೋಡೆಗೆ ಒತ್ತಿ ನಿಲ್ಲಿಸಿ ಕೇಳುತ್ತೇನೆ. ಒಂದು ಸಲ ನಿದ್ದೆ ಹೋದೆ. ಒಂದು ಸಲ ನಡುವೆ ಸದ್ದು ನಿಂತಾಗ ಮುಗಿಯಿತೆಂದು ಕ್ಯಾಸೆಟ್ ತೆಗೆದಿಟ್ಟೆ. ಇನ್ನೂ ಮೂರು ಭಾಗ ಬಾಕಿ ಇದೆ ಎಂದು ನೀವು ಹೇಳಿರಲಿಲ್ಲ. ನಿನ್ನೆ ಮಾತ್ರ ಆ ಮೊದಲಿನ ಮಾತು ತಿರುಗಿ ಬಂದಾಗ ಗುರುತು ಹತ್ತಿತು. ಸ್ಟೀರಿಂಗ್ ಮೇಲೆ ಕೈ ಬಡಿದೆ. ಖುಷಿಯಾಯಿತು ಎಂದು ನಿಮಗೆ ಹೇಳಲು ನನಗೆ ಹೊಟ್ಟೆ ಉರಿಯುತ್ತದೆ, ಆದರೂ ಹೇಳುತ್ತಿದ್ದೇನೆ.

ಇರಲಿ. ಇವರು ಗುನುಗುವುದು ಅದರಲ್ಲೆಲ್ಲೂ ಇಲ್ಲ. ನಾನೂ ಕಲಿಸುವವಳೇ ಮೇಡಂ. ಕ್ಲಚ್ ಎಲ್ಲಿದೆ ಎಂದು ಕೇಳಿದವರಿಗೆ ಚಕ್ರ ಕಂಡುಹಿಡಿದವನ ಕಥೆ ಹೇಳುವುದಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ.

ಬೇಕಿದ್ದರೆ ಇನ್ನಷ್ಟು ವಿವರ ಬರೆಯುತ್ತೇನೆ. ಗುನುಗು ನಿಂತ ಮೇಲೆ ಇವರು ಎಡಕ್ಕೆ ತಿರುಗಿ ನೋಡುತ್ತಾರೆ. ಅಲ್ಲಿ ಏನೂ ಇಲ್ಲ, ಕಿಟಕಿಯೂ ಇಲ್ಲ. ಬಾಯಿ ಒಣಗಿರಬೇಕೆಂದು ನಾನು ಚಮಚದಲ್ಲಿ ಹಣ್ಣಿನ ರಸ ಕೊಡಲು ಹೋದರೆ ಸಿಟ್ಟು ನೆತ್ತಿಗೇರುತ್ತದೆ. ಎಡಗೈಯಿಂದ ಚಮಚ ತಳ್ಳಿಬಿಡುತ್ತಾರೆ. ಮೊನ್ನೆ ಮಾತಿನ ಹುಡುಗಿಯ ಕೈಗೂ ಹೊಡೆದರು. "ಸುಮ್ಮನೆ ರೇಗ್ತಾರೆ, ಕಾರಣ ಇರಲ್ಲ" ಎಂದು ಅವಳು ಬರೆದುಕೊಂಡಳಂತೆ. ಪರೀಕ್ಷೆಯ ದಿನ ಅದೂ ಲೆಕ್ಕಕ್ಕೆ ಬರುತ್ತದೆ.

ದಯವಿಟ್ಟು ಬೇಗ ಬರೆಯಿರಿ. ಹೌದು, ದಯವಿಟ್ಟು ಎಂದೆ.

ಡ್ರೈವಿಂಗ್ ಟೀಚರ್


ಮಾರ್ಚ್ 11

ಟೀಚರ್,

ನನಗೆ ಗೊತ್ತಿಲ್ಲ. ಬಹುಶಃ ಆರ್ಕೆಸ್ಟ್ರಾದಲ್ಲಿ ನುಡಿಸಿದ ಯಾವುದಾದರೂ ಇರಬಹುದು. ಆತ ಬೇಕಾದಷ್ಟು ನುಡಿಸಿದ್ದಾನೆ.

ಇನ್ನೆರಡು ಕ್ಯಾಸೆಟ್ ಕಳಿಸಿದ್ದೇನೆ. ಒಂದು ಗಾಳಿವಾದ್ಯಗಳದ್ದು, ಒಂದು ಪಿಯಾನೋ ಜೊತೆಗೆ ಮೂವರು ನುಡಿಸಿದ್ದು. ಚಿಕ್ಕ ಮೇಳದಲ್ಲಿ ಕೋಲು ಆಡಿಸುವ ನಿರ್ದೇಶಕ ಇರುವುದಿಲ್ಲ. ಒಬ್ಬರ ಉಸಿರನ್ನು ಇನ್ನೊಬ್ಬರು ನೋಡಿಕೊಂಡು ನುಡಿಸುತ್ತಾರೆ. ಮೇಲೆ ಹೊಳೆಯುವ ದನಿಯ ಹಿಂದೆ ಓಡಬೇಡಿ, ಅದು ಯಾರಿಗಾದರೂ ಕೇಳಿಸುತ್ತದೆ. ಕೆಳಗಿನ ದನಿ, ಅಂದರೆ ಮಂಡಿಗಳ ನಡುವೆ ನಿಲ್ಲಿಸಿ ನುಡಿಸುವ ದೊಡ್ಡ ಚೆಲ್ಲೋದ್ದು, ಹಿಡಿಯಿರಿ. ನಡುವಿನದು ಎಲ್ಲಕ್ಕಿಂತ ಕಷ್ಟ. ಆತ ನುಡಿಸುವ ವಯೋಲಾ ಇರುವುದು ಅಲ್ಲಿ. ಪಿಟೀಲಿಗಿಂತ ತುಸು ದೊಡ್ಡದು, ದನಿ ತುಸು ತಗ್ಗು. ಇದ್ದಾಗ ಯಾರೂ ಗಮನಿಸುವುದಿಲ್ಲ, ಇಲ್ಲದಿದ್ದರೆ ಎಲ್ಲ ಬಿಕೋ ಎನ್ನುತ್ತದೆ.

ಒಂದು ಮಾತು ಕೇಳುತ್ತೇನೆ. ಆತ ನಿಮ್ಮ ಮನೆಯಲ್ಲಿ ಏನು ನುಡಿಸುತ್ತಿದ್ದ? ಒಂಬತ್ತು ವರ್ಷ ಒಟ್ಟಿಗಿದ್ದೂ ಗಂಡ ಗುನುಗುವುದು ಏನೆಂದು ಹೆಂಡತಿಗೆ ತಿಳಿಯದು ಎಂದರೆ, ನಿಮ್ಮ ಕಿವಿಯಲ್ಲಿ ಏನಿತ್ತು?

ಚೆಲ್ಲೋದವಳು


ಮಾರ್ಚ್ 19

ಚೆಲ್ಲೋ ಮೇಡಂ,

ಏನೂ ನುಡಿಸುತ್ತಿರಲಿಲ್ಲ. ಸಂಜೆ ಆರ್ಕೆಸ್ಟ್ರಾದಿಂದ ಬಂದವರೇ ವಯೋಲಾ ಪೆಟ್ಟಿಗೆಯನ್ನು ಬೀರುವಿನ ಮೇಲೆ ಇಡುತ್ತಿದ್ದರು. ಮರುದಿನ ಕೆಲಸಕ್ಕೆ ಹೊರಡುವಾಗಲೇ ಇಳಿಸುತ್ತಿದ್ದದ್ದು. ಮನೆಯಲ್ಲಿ ಒಂದು ದಿನವೂ ತೆರೆಯಲಿಲ್ಲ. "ಯಾಕ್ರೀ, ನನ್ನ ಮುಂದೆ ನುಡಿಸಬಾರ್ದಾ?" ಅಂತ ಮೊದಮೊದಲು ಕೇಳುತ್ತಿದ್ದೆ. "ಅಲ್ಲೇ ಸಾಕಾಗಿರುತ್ತೆ ಕಣೆ" ಅನ್ನುತ್ತಿದ್ದರು. ನೆಮ್ಮದಿಯಾಗಿದ್ದಾರೆ ಎಂದುಕೊಂಡೆ. ಈಗ ಆ ವಾಕ್ಯ ನನ್ನನ್ನು ಚುಚ್ಚುತ್ತದೆ. ನಿಮಗೆ ನಗಬೇಕೆನಿಸಿದರೆ ನಕ್ಕುಬಿಡಿ, ನಾನು ಎದುರಿಗಿಲ್ಲವಲ್ಲ.

ಎರಡೂ ಕ್ಯಾಸೆಟ್ ಕೇಳಿದೆ. ಅದರಲ್ಲೂ ಇಲ್ಲ. ಇನ್ನು ನಿಮ್ಮನ್ನೇ ನಂಬಿ ಕೂರುವುದಿಲ್ಲ. ನಿಮ್ಮ ಮೇಳದಲ್ಲಿ ಮೊದಲ ಪಿಟೀಲು ನುಡಿಸುತ್ತಿದ್ದ ಹಿರಿಯರು ಇದ್ದಾರಲ್ಲ, ಅವರ ನಂಬರ್ ಇವರ ಹಳೆಯ ಡೈರಿಯಲ್ಲಿದೆ. ಅವರನ್ನು ಕೇಳುತ್ತೇನೆ.

ಡ್ರೈವಿಂಗ್ ಟೀಚರ್


ಏಪ್ರಿಲ್ 3

ಮೇಡಂ,

ನೀವು ಸುಳ್ಳಿ.

ನಿಮ್ಮ ಮೊದಲ ಪಿಟೀಲಿನವರಿಗೆ ಫೋನಿನಲ್ಲೇ ಗುನುಗಿ ತೋರಿಸಿದೆ. "ಇದು ರಾಗವೇ ಅಲ್ಲಮ್ಮ" ಅಂದರು. ಜೀವಮಾನವೆಲ್ಲ ತಮ್ಮ ದನಿಯನ್ನೇ ಕೇಳಿಕೊಂಡವರು ಪಾಪ. ಆದರೆ ಇವರು ಸುಮ್ಮನಾಗುವುದು, ಎಡಕ್ಕೆ ನೋಡುವುದು ಹೇಳಿದ ಕೂಡಲೇ ತಡೆದರು. "ಎಡಕ್ಕೆ ಅಂದ್ರಾ? ಹಾಗಾದ್ರೆ ಅದು ನಾವು ಕೊನೇಲಿ ಅಭ್ಯಾಸ ಮಾಡ್ತಿದ್ವಲ್ಲ, ಅದರ ನಿಧಾನದ ಭಾಗ. ಅವಳನ್ನ ಕೇಳಿ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಾಳೆ" ಎಂದರು.

ಕೃತಿಯ ಹೆಸರನ್ನು ಅವರಿಂದಲೇ ಬರೆದುಕೊಂಡು ಆ ಕ್ಯಾಸೆಟ್ ಹುಡುಕಿ ತಂದೆ. ಕಾರಿನಲ್ಲಿ ಹಾಕಿದೆ. ಮೊದಲು ಪಿಟೀಲೇ ಪಿಟೀಲು, ನಮ್ಮವರ ಗುನುಗು ಎಲ್ಲೂ ಇಲ್ಲ. ಅಳು ಬಂತು. ಆಮೇಲೆ ನನ್ನ ಕಾರಿನ ಸ್ಟೀರಿಯೋದಲ್ಲಿ ಸದ್ದನ್ನು ಎಡಕ್ಕೋ ಬಲಕ್ಕೋ ತಿರುಗಿಸುವ ಗುಂಡಿ ಇದೆ ಎಂದು ನೆನಪಾಯಿತು. ಹಾಡು ಹಾಕಿದರೂ ಕಲಿಯುವವರಿಗೆ ನನ್ನ ಮಾತು ಕೇಳಲಿ ಎಂದು ಅವರ ಕಡೆಯ ಸದ್ದನ್ನು ನಾನು ಅದರಲ್ಲೇ ಆರಿಸುವುದು. ಎಡಗಡೆಯದನ್ನು ಪೂರ್ತಿ ಆರಿಸಿದೆ. ಪಿಟೀಲುಗಳು ದೂರ ಹೋದವು. ಬಲಗಡೆಯ ಸ್ಪೀಕರಿನಲ್ಲಿ ಇಬ್ಬರು ಉಳಿದರು. ಒಬ್ಬರು ನಿಮ್ಮ ಹಾಗೆ ಚೆಲ್ಲೋದವರು. ಇನ್ನೊಬ್ಬರ ಬಾಯಲ್ಲಿ "ಮ್, ಮ್‌ಮ್, ಮ್". ನನ್ನ ಗಂಡನ ದನಿ ಕೇಳಿದ ಹಾಗಾಯಿತು.

ಅಂದರೆ ಇವರ ತಲೆಯಲ್ಲಿ ಪೂರ್ತಿ ಸಂಗೀತ ಓಡುತ್ತಿದೆ. ತಮ್ಮ ಸರದಿ ಬಂದಾಗ ನುಡಿಸುತ್ತಾರೆ, ಇಲ್ಲದಾಗ ಸುಮ್ಮನೆ ಕಾಯುತ್ತಾರೆ. ಕಾಯುವ ಹೊತ್ತಿನಲ್ಲಿ ನಾನು ಬಾಯಿಗೆ ಚಮಚ ತುರುಕುತ್ತಿದ್ದೆ. ನುಡಿಸುವವರ ಬಾಯಿಗೆ ಯಾರಾದರೂ ರಸ ಹಾಕುತ್ತಾರೆಯೇ? ಸಿಟ್ಟು ಬರದೆ ಇನ್ನೇನು? ಇದು ನಿಮಗೆ ಫೆಬ್ರುವರಿಯಲ್ಲೇ ಗೊತ್ತಿತ್ತು. ಎರಡು ತಿಂಗಳು ನನ್ನನ್ನು ಊರೆಲ್ಲ ಸುತ್ತಿಸಿದಿರಿ. ಆ ಎರಡು ತಿಂಗಳೂ ಇವರು ಹುಚ್ಚರ ಹಾಗೆ ರೇಗುತ್ತಾರೆಂದು ಬರೆಸಿಕೊಂಡರು.

ಈಗ ಇನ್ನೊಂದು ತೊಡಕು. ಟೇಪ್ ರೆಕಾರ್ಡರೊಂದನ್ನು ಎರವಲು ತಂದು ಟೇಪನ್ನು ವಾರ್ಡಿನಲ್ಲಿ ಹಾಕಿದೆ. ಇವರು ಕಣ್ಣು ಮುಚ್ಚಿ ಕೇಳಿದರು, ಗುನುಗಲೇ ಇಲ್ಲ. ಡಾಕ್ಟರು, "ಸಂಗೀತ ಕೇಳಿದ್ರೆ ಯಾರಾದ್ರೂ ಸಮಾಧಾನ ಆಗ್ತಾರೆ" ಅಂದು ಹೊರಟುಹೋದರು. ಆಮೇಲೆ ಹೊಳೆಯಿತು. ಟೇಪಿನಲ್ಲಿ ಬೇರೆ ಯಾರೋ ವಯೋಲಾ ನುಡಿಸುತ್ತಿದ್ದಾರೆ. ಕುರ್ಚಿ ತುಂಬಿದೆ, ಇವರಿಗೆ ಅಲ್ಲೇನು ಕೆಲಸ? ಇವರ ಜಾಗ ಖಾಲಿ ಇರುವ ಟೇಪು ಬೇಕು. ಚೆಲ್ಲೋ ಮಾತ್ರ ಇರುವುದು ಬೇಕು. ಅದನ್ನು ಕೊಡಬಲ್ಲವರು ಭೂಮಿಯ ಮೇಲೆ ನೀವೊಬ್ಬರೇ ಎಂಬುದು ನನ್ನ ಗ್ರಹಚಾರ.

ಪರೀಕ್ಷೆ ಇಪ್ಪತ್ತಕ್ಕೆ.

ಡ್ರೈವಿಂಗ್ ಟೀಚರ್


ಏಪ್ರಿಲ್ 9

ಹೌದು, ಗೊತ್ತಿತ್ತು. ನಿಮ್ಮ ಮೊದಲ ಪತ್ರದಲ್ಲೇ ಅನುಮಾನ ಬಂದಿತ್ತು, ಎಡಕ್ಕೆ ನೋಡುತ್ತಾನೆ ಎಂದು ಬರೆದಾಗ ಖಾತ್ರಿಯಾಯಿತು. ಎಡಕ್ಕೆ ಕೂರುತ್ತಿದ್ದವಳು ನಾನು.

ಆ ಭಾಗದಲ್ಲಿ ಒಂದು ಕಡೆ ಉಳಿದವರೆಲ್ಲ ನಿಲ್ಲಿಸುತ್ತಾರೆ. ಚೆಲ್ಲೋ ಒಂದೇ ಮಾತಾಡುತ್ತದೆ. ವಯೋಲಾ ಬಿಲ್ಲನ್ನು ತಂತಿಯ ಮೇಲಿಟ್ಟು ಕಾಯುತ್ತದೆ. ಆತ ಎಂದೂ ಎಣಿಸಿ ಸೇರಿದವನಲ್ಲ. ನನ್ನ ಕಡೆ ನೋಡುತ್ತಿದ್ದ, ನಾನು ಉಸಿರೆಳೆದುಕೊಂಡಾಗ ನನ್ನ ದನಿಯ ಕೆಳಗೆ ತನ್ನ ದನಿ ಸೇರಿಸುತ್ತಿದ್ದ. ಸೇರಿದ್ದೇ ತಿಳಿಯುತ್ತಿರಲಿಲ್ಲ. ಹದಿನೇಳು ವರ್ಷದ ಸಂಸಾರದಲ್ಲಿ ನಾವು ಜಗಳವಾಡದೆ ಇದ್ದ ಜಾಗ ಅದೊಂದೇ.

ಆತ ನಿಮ್ಮ ಹಿಂದೆ ಹೊರಟುಹೋದ ವಾರ ಮೇಳದಲ್ಲಿ ಉಳಿದ ನಾವು ಮೂವರೂ ಅಭ್ಯಾಸಕ್ಕೆ ಕೂತೆವು. ಬರುತ್ತಾನೆ ಎಂದುಕೊಂಡಿದ್ದೆವು. ಶುರುಮಾಡೋಣ, ನಡುವೆ ಬಂದು ಸೇರಿಕೊಳ್ಳಲಿ ಎಂದರು ಮೊದಲ ಪಿಟೀಲಿನವರು. ಆ ಜಾಗ ಬಂತು. ನಾನು ಒಬ್ಬಳೇ ನುಡಿಸಿದೆ. ಉಸಿರೆಳೆದೆ. ಕೆಳಗೆ ಯಾರೂ ಬರಲಿಲ್ಲ. ಇಬ್ಬರು ಗಂಡಸರು ನನ್ನ ಮುಖ ನೋಡಲಾಗದೆ ತಮ್ಮ ಪುಟ ತಿರುಗಿಸಿದರು. ಅಂದು ಪೆಟ್ಟಿಗೆ ಮುಚ್ಚಿ ಎದ್ದವಳು ಆ ಕೃತಿಯನ್ನು ಮತ್ತೆ ಮುಟ್ಟಿಲ್ಲ. ಮೇಳವೂ ಮುರಿಯಿತು.

ಈಗ ಆತ ಎಡಕ್ಕೆ ನೋಡಿ ಕಾಯುತ್ತಾನಂತೆ. ಕಾಯಲಿ. ನಾನೂ ಕಾದೆ. ನಿಮಗೆ ನಾಚಿಕೆ ಇದ್ದಿದ್ದರೆ ಅದನ್ನು ನುಡಿಸಿ ಎಂದು ನನ್ನನ್ನು ಕೇಳುತ್ತಿರಲಿಲ್ಲ. ನನ್ನಿಂದ ಸಾಧ್ಯವಿಲ್ಲ.

ಇನ್ನು ಬರೆಯಬೇಡಿ.


ಏಪ್ರಿಲ್ 12

ಬರೆಯುತ್ತೇನೆ. ಏನು ಮಾಡುತ್ತೀರಿ?

ನಿಮ್ಮ ಪತ್ರ ಓದಿ ಕಾರಿನಲ್ಲೇ ಅತ್ತೆ. ಅದು ನಿಮ್ಮ ಮೇಲಿನ ಕನಿಕರ ಎಂದುಕೊಳ್ಳಬೇಡಿ. ನನ್ನ ಜೊತೆ ಒಂಬತ್ತು ವರ್ಷ ನಕ್ಕುಕೊಂಡಿದ್ದವರು ಒಳಗೊಳಗೇ ಎಲ್ಲಿ ಕೂತಿದ್ದರು ಎಂದು ತಿಳಿದದ್ದಕ್ಕೆ ಅತ್ತೆ. ಇವರನ್ನು ನಿಮ್ಮಿಂದ ಕಸಿದುಕೊಂಡೆ ಎಂದು ಇಷ್ಟು ದಿನ ಜಂಬ ಇತ್ತು ನನಗೆ. ಇಡಿಯಾಗಿ ಸಿಕ್ಕಿರಲಿಲ್ಲ.

ಆದರೂ ಕೇಳಿ. ಇವರಿಗೆ ಶಿಕ್ಷೆ ಕೊಡಬೇಕೆಂದಿದ್ದರೆ ಆಗಲೇ ಸಿಕ್ಕಿದೆ, ಅರ್ಧ ಮೈ ಹೋಗಿದೆ. ಇನ್ನೂ ಸಾಲದು ಎನಿಸಿದರೆ ನನಗೆ ಕೊಡಿ, ನಾನು ಗಟ್ಟಿಮುಟ್ಟಾಗಿದ್ದೇನೆ. ಹಿಂದಿನ ಕಟ್ಟಡಕ್ಕೆ ಹೋಗಿ ನೋಡಿ ಬಂದೆ. ಉದ್ದನೆಯ ಹಾಲ್, ಎಲ್ಲರ ಮುಖವೂ ಗೋಡೆಯ ಕಡೆ. ದಿನವಿಡೀ ರೇಡಿಯೋ ಕಿರುಚುತ್ತದೆ. ಇವರು ಅಲ್ಲಿ ತಮ್ಮ ತಲೆಯೊಳಗಿನದನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ?

ಈಗ ನಾನು ಇವರ ಬಲಕ್ಕೆ ಕೂರುತ್ತೇನೆ. ಇವರು ಸುಮ್ಮನಿದ್ದಾಗ ನಾನೂ ಸುಮ್ಮನಿರುತ್ತೇನೆ. ಎಡಗಡೆ ಒಂದು ಕುರ್ಚಿ ಹಾಕಿದ್ದೇನೆ. ವಾರ್ಡಿನ ಆಯಾ ಬೇರೆಯವರಿಗೆಂದು ದಿನಾ ಎತ್ತಿಕೊಂಡು ಹೋಗುತ್ತಾಳೆ, ನಾನು ಅವಳ ಹತ್ತಿರ ಜಗಳವಾಡಿ ತಂದಿಡುತ್ತೇನೆ.

ಡ್ರೈವಿಂಗ್ ಟೀಚರ್


ಏಪ್ರಿಲ್ 17

ಇದರಲ್ಲಿ ಚೆಲ್ಲೋ ಮಾತ್ರ ಇದೆ.

ಟೇಪ್ ರೆಕಾರ್ಡರನ್ನು ಅವರ ಎಡಗಡೆ, ಕೂತವರ ಎದೆಯ ಎತ್ತರಕ್ಕೆ ಇಡಿ. ನಡುವೆ ಒಂದು ಕಡೆ ಉಸಿರೆಳೆಯುವ ಸದ್ದು ಬರುತ್ತದೆ. ಅದು ಟೇಪಿನ ದೋಷವಲ್ಲ. ಅವರನ್ನು ಮುಟ್ಟಬೇಡಿ. ಮುಖ ನೋಡಬೇಡಿ, ಡಾಕ್ಟರಿಗೂ ಹೇಳಿ. ಎಲ್ಲರೂ ತಮ್ಮನ್ನೇ ನೋಡುತ್ತಿದ್ದರೆ ಅವರಿಗೆ ಸೇರಲು ಆಗುವುದಿಲ್ಲ, ಮೊದಲಿನಿಂದಲೂ ಹಾಗೆಯೇ.

ಹಲವು ಸಲ ನುಡಿಸಿದ ಮೇಲೆ ಇದೊಂದು ಬಂತು. ಬಿಲ್ಲು ಎಡವಿರುವುದು ಕೇಳಿಸಿದರೆ ಕೇಳಿಸಲಿ.

ಅವರು ಸೇರದಿದ್ದರೆ ನನಗೆ ತಿಳಿಸಬೇಡಿ.


ಏಪ್ರಿಲ್ 21

ಚೆಲ್ಲೋ ಮೇಡಂ,

ತಿಳಿಸುತ್ತಿದ್ದೇನೆ ಎಂದರೆ ನಿಮಗೆ ಅರ್ಥವಾಗಿರಬೇಕು.

ಡಾಕ್ಟರು ಗೋಡೆಯ ಕಡೆ ತಿರುಗಿ ನಿಂತರು. ಮನಸ್ಸಿಲ್ಲದೆಯೇ ನಿಂತರು, ಆದರೂ ನಿಂತರು. ನಾನು ನನ್ನ ಚಪ್ಪಲಿ ನೋಡುತ್ತ ಕೂತೆ. ನಿಮ್ಮ ಚೆಲ್ಲೋ ಶುರುವಾಯಿತು. ನಾನು ಎಷ್ಟೋ ಸಲ ಕೇಳಿದ ಅದೇ ಭಾಗ, ಆದರೆ ಸುತ್ತ ಯಾರೂ ಇರಲಿಲ್ಲ. ನಿಮ್ಮನ್ನು ಕಂಡರಾಗದ ನಾನೇ ಆ ಕಡೆಗೆ ಕಿವಿ ವಾಲಿಸಿದೆ. ಆಮೇಲೆ ನಿಮ್ಮ ಉಸಿರು. ಅದರ ಬೆನ್ನಿಗೇ, ನಿಮ್ಮ ದನಿಯ ಕೆಳಗೆ, ಇವರು. ಯಾವಾಗ ಸೇರಿದರೆಂದು ನನಗೂ ತಿಳಿಯಲಿಲ್ಲ.

"ಕಾಕತಾಳೀಯ ಇರಬಹುದು" ಅಂದರು ಡಾಕ್ಟರು. ಮತ್ತೆ ಹಾಕಿಸಿದರು. ಈ ಸಲ ಉಸಿರಿನ ಸ್ವಲ್ಪ ಮೊದಲೇ ಟೇಪ್ ನಿಲ್ಲಿಸಿಬಿಟ್ಟರು. ಇವರು ಬಾಯಿ ಬಿಡಲಿಲ್ಲ. ಎಡಕ್ಕೆ ತಿರುಗಿ ಟೇಪ್ ರೆಕಾರ್ಡರನ್ನೇ ನೋಡುತ್ತ ಕಾದರು. ಡಾಕ್ಟರು ಏನೇನೋ ಸದ್ದು ಮಾಡಿದರು, ಪೆನ್ನು ಬೀಳಿಸಿದರು. ಇವರು ಜಗ್ಗಲಿಲ್ಲ. ಮತ್ತೆ ಹಾಕಿದ ಮೇಲೆ ಉಸಿರು ಬಂತು, ಸರಿಯಾಗಿ ಅಲ್ಲೇ ಸೇರಿದರು. ಮಾತಿನ ಹುಡುಗಿ "ಅಯ್ಯೋ, ಕಾಯ್ತಿದ್ರು ಇವರು!" ಎಂದು ಕೂಗಿದಳು. ಇವರು ಚೇತರಿಕೆ ವಾರ್ಡಿನಲ್ಲೇ ಇರುತ್ತಾರೆ. ಡಾಕ್ಟರು ನನ್ನ ಕಣ್ಣೆದುರಿಗೇ ಬರೆದರು.

ಆಮೇಲಿನದನ್ನು ಹೇಳಬಾರದು ಎಂದುಕೊಂಡಿದ್ದೆ. ಮುಗಿದ ಮೇಲೆ ಇವರು ಎಡಕ್ಕೆ ತಿರುಗಿ ನಕ್ಕರು. ನೆಟ್ಟಗಿರುವ ಅರ್ಧ ಮುಖದಲ್ಲಿ. ಆ ನಗು ನನ್ನ ಕಡೆಗೆ ಒಂದು ಸಲವೂ ಬಂದಿಲ್ಲ. ನಕ್ಕು, ಟೇಪ್ ರೆಕಾರ್ಡರಿನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಕತ್ತು ಚಾಚಿ ಹುಡುಕಿದರು. ಯಾರೂ ಇಲ್ಲ ಎಂದು ತಿಳಿದಾಗ ಮಗುವಿನ ಹಾಗೆ ಅತ್ತರು. ನಾನು ಕಣ್ಣೊರೆಸಲು ಹೋದರೆ ಬಿಡಲಿಲ್ಲ.

ಆದ್ದರಿಂದ ಟೇಪು ಸಾಲದು. ನೀವು ಬರಬೇಕು, ವಾದ್ಯ ತೆಗೆದುಕೊಂಡೇ ಬರಬೇಕು. ಭಾನುವಾರ ನಿಮ್ಮದು. ಮಿಕ್ಕ ದಿನಗಳೆಲ್ಲ ನನ್ನವು, ಅದರಲ್ಲಿ ಒಂದು ಗಂಟೆಯನ್ನೂ ಬಿಟ್ಟುಕೊಡುವುದಿಲ್ಲ. ರೈಲ್ವೆ ಸ್ಟೇಷನ್ನಿನಿಂದ ಆ ದೊಡ್ಡ ಪೆಟ್ಟಿಗೆ ಹೊತ್ತುಕೊಂಡು ಬಸ್ಸು ಹತ್ತಬೇಡಿ. ಆ ಬ್ಯಾಂಕಿನ ಗುಮಾಸ್ತರು ಕಾರು ತಂದು ಕಾಯುತ್ತಾರೆ. ಈಗ ಚೆನ್ನಾಗಿಯೇ ಓಡಿಸುತ್ತಾರೆ, ಬಸ್ಸು ಎದುರು ಬಂದಾಗ ಮಾತ್ರ ಕಣ್ಣು ಮುಚ್ಚಿಕೊಳ್ಳಿ. ಗೇಟಿನಲ್ಲಿ ರೋಗಿಗೆ ಏನಾಗಬೇಕು ಎಂದು ಕೇಳುತ್ತಾರೆ. ಹೆಂಡತಿ ಎಂದು ನಾನು ಹೇಳಿಯಾಗಿದೆ. ನೀವು ಬೇರೆ ಏನಾದರೂ ಹೇಳಿಕೊಳ್ಳಿ.

ನನಗೆ ನಿಮ್ಮ ಮೇಲಿನ ಸಿಟ್ಟು ಎಳ್ಳಷ್ಟೂ ಇಳಿದಿಲ್ಲ. ನಿಮಗೂ ಇಳಿಯುವುದು ಬೇಡ. ಆದರೆ ಕೇಳುವುದನ್ನು ಕಲಿಸಿ ನನ್ನನ್ನು ಹಾಳುಮಾಡಿದಿರಿ. ನೀವು ನುಡಿಸಿ, ಉಸಿರೆಳೆದು, ಇವರು ಬಂದು ಸೇರುವುದನ್ನು ಒಂದೇ ಒಂದು ಸಲ ವಾರ್ಡಿನ ಬಾಗಿಲ ಹೊರಗೆ ನಿಂತು ಕೇಳಬೇಕೆಂದು ನನಗೆ ತುಂಬ ಆಸೆಯಿದೆ. ಹೆದರಬೇಡಿ, ಭಾನುವಾರ ನಾನು ಆ ಬೀದಿಗೂ ಕಾಲಿಡುವುದಿಲ್ಲ.

ಡ್ರೈವಿಂಗ್ ಟೀಚರ್